‘ಯಾರದು’ ಎಂಬ ಕಾಲಮ್ಮು

ಹಳೆಯ ಕಂಪ್ಯೂಟರಿನಲ್ಲೂ ಹೊಸ ಆ್ಯಪಿನಲ್ಲೂ ಒಂದೇ ಮಾತಿತ್ತು. ಅರ್ಥ ಮಾತ್ರ ಬೇರೆ ಬೇರೆ. ದೂರಪ್ಪನವರ ನೆಮ್ಮದಿ ಕೆಡಲು ಅಷ್ಟೇ ಸಾಕಾಯಿತು.

ದೂರಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಲಿಫ್ಟು ರಿಪೇರಿಯ ಆ ಕಂಪನಿಯಲ್ಲಿ ಹದಿನೆಂಟು ವರ್ಷ ಜನರ ದೂರು ಬರೆದುಕೊಳ್ಳುತ್ತ ಕೂತದ್ದಕ್ಕೆ ಜೊತೆಯವರು ಕೊಟ್ಟ ಬಿರುದು. ದೂರುಗಳೆಲ್ಲ ಕಂಪ್ಯೂಟರಿನ ‘ದೂರುಪೆಟ್ಟಿಗೆ’ಗೆ ಹೋಗುತ್ತಿದ್ದವು. ಸಮಸ್ಯೆ ಏನು, ಯಾವಾಗ ಕಾಣಿಸುತ್ತದೆ, ಎಷ್ಟು ಗಂಭೀರ, ಯಾರದು ಎಂದು ಅದರಲ್ಲಿ ನಾಲ್ಕು ಕಾಲಮ್ಮು. ‘ಯಾರದು’ ಎಂದರೆ, ದೂರು ಯಾರದು ಎಂದು. ಆ ಪೆಟ್ಟಿಗೆಯನ್ನು ದೂರಪ್ಪನವರಲ್ಲದೆ ಇನ್ನೊಬ್ಬರು ತೆರೆದು ನೋಡಿದ್ದಿಲ್ಲ.

ಈಗ ಮ್ಯಾನೇಜರು ‘ಅಂಗಳ’ ಎಂಬ ಹೊಸ ಆ್ಯಪು ತರಿಸಿದ್ದರು. ಆಫೀಸಿನ ಮಾತು, ಕೆಲಸ, ರಜೆ ಎಲ್ಲವೂ ಇನ್ನು ಅದರಲ್ಲೇ. ಒಬ್ಬರದು ಎಲ್ಲರಿಗೂ ಕಾಣಬೇಕು. ಹೆಸರಿನಲ್ಲಿ ಕೆಲಸ ಬಾಕಿ ಇದ್ದವರಿಗೆ ಅಂಗಳ ರಜೆ ಕೊಡುವುದಿಲ್ಲ. ಕೊಟ್ಟ ರಜೆಯನ್ನೂ ತಾನೇ ಕಿತ್ತುಕೊಳ್ಳುತ್ತದೆ.

ದೂರಪ್ಪನವರಿಗೆ ಅಂದು ರಜೆ ಬೇಕೇ ಬೇಕಿತ್ತು. ಮಗಳಿಗೆ ಹೆಣ್ಣು ಮಗು ಹುಟ್ಟಿ ನಲವತ್ತು ದಿನ. ಮೊಮ್ಮಗಳನ್ನು ಅವರು ಕಂಡದ್ದು ಫೋನಿನಲ್ಲಿ, ಅದೂ ಹಣೆಯನ್ನು ಮಾತ್ರ. ಅಳಿಯನಿಗೆ ಫೋನು ನೆಟ್ಟಗೆ ಹಿಡಿಯಲು ಬರುತ್ತಿರಲಿಲ್ಲ. ಸಂಜೆ ಆರಕ್ಕೆ ಗಂಡ ಹೆಂಡತಿ ಇಬ್ಬರಿಗೂ ರೈಲು. ಹತ್ತು ದಿನದ ರಜೆ ಮಂಜೂರಾಗಿತ್ತು. ಬಾಕಿ ಇದ್ದದ್ದು ಒಂದೇ ಕೆಲಸ: ದೂರುಪೆಟ್ಟಿಗೆಯಲ್ಲಿದ್ದದ್ದನ್ನೆಲ್ಲ ಅಂಗಳಕ್ಕೆ ಸುರಿಯುವುದು.

ಮಧ್ಯಾಹ್ನ ಎರಡಕ್ಕೆ ಅಂಗಳ ಕೇಳಿತು: ಅಲ್ಲಿನ ಯಾವ ಕಾಲಮ್ಮು ಇಲ್ಲಿನ ಯಾವ ಕಾಲಮ್ಮಿಗೆ? ಅಲ್ಲಿಯೂ ‘ಯಾರದು’ ಇತ್ತು, ಇಲ್ಲಿಯೂ ‘ಯಾರದು’ ಇತ್ತು. ದೂರಪ್ಪನವರು ಎರಡನ್ನೂ ಗಂಟು ಹಾಕಿ ಗುಂಡಿ ಒತ್ತಿದರು. ಅಂಗಳದ ‘ಯಾರದು’ ಎಂದರೆ, ಕೆಲಸ ಯಾರದು ಎಂದು. ಅದು ಅವರಿಗೆ ಗೊತ್ತಿರಲಿಲ್ಲ.

ಹತ್ತು ನಿಮಿಷದಲ್ಲಿ ಫೋನು ಕಿರುಚಿತು. ಆ ಕಡೆ ಒಬ್ಬ ವಕೀಲರು.

“ಏನ್ರೀ, ಲಿಫ್ಟ್ ಕೆಟ್ಟಿದೆ ಅಂತ ನಾನು ದೂರು ಕೊಟ್ರೆ, ಶುಕ್ರವಾರದೊಳಗೆ ನೀವೇ ರಿಪೇರಿ ಮಾಡಿ ಅಂತ ನನಗೇ ಆರ್ಡರ್ ಕಳಿಸ್ತೀರಾ?”

ದೂರಪ್ಪನವರಿಗೆ ತಮ್ಮ ತಪ್ಪು ತಿಳಿಯಿತು. ಮ್ಯಾನೇಜರ ಕೋಣೆಗೆ ಓಡಿದರು. ಮ್ಯಾನೇಜರು ಪರದೆಯನ್ನು ನೋಡುತ್ತ, ಪರೀಕ್ಷೆಯಲ್ಲಿ ಪಾಸಾದ ಹುಡುಗನಂತೆ ಹಿಗ್ಗುತ್ತಿದ್ದರು.

“ನಮ್ಮ ಬಾಕಿ ಸೊನ್ನೆ ಕಣ್ರೀ! ಸೊನ್ನೆ! ನಿನ್ನೆ ಆರುನೂರು ಇತ್ತು, ಇವತ್ತು ಸೊನ್ನೆ!”

“ಸರ್, ಅದು ಗಿರಾಕಿಗಳ ಹೆಸರಿಗೆ ಹೋಗಿದೆ...”

“ಹೋಗಲಿ ಬಿಡಿ. ಲಿಫ್ಟ್ ಅವರದು, ಓಡಾಡೋರು ಅವರು. ಸ್ವಲ್ಪ ಜವಾಬ್ದಾರಿ ಕಲೀಲಿ. ಏನೂ ಮುಟ್ಟಬೇಡಿ. ಮುಟ್ಟಬೇಡಿ. ಏನೂ ಮುಟ್ಟಬೇಡಿ.”

ಮುಟ್ಟಬೇಡಿ ಎಂಬ ಮಾತು ಮೂರನೆಯ ಸಲ ಕಿವಿಗೆ ಬಿದ್ದಾಗ ದೂರಪ್ಪನವರಿಗೆ ಇನ್ನೊಂದು ವಿಷಯ ನೆನಪಾಯಿತು. ಪೆಟ್ಟಿಗೆಯಲ್ಲಿದ್ದದ್ದು ಗಿರಾಕಿಗಳ ದೂರಷ್ಟೇ ಅಲ್ಲ.

ಯಾರೂ ತೆರೆಯದ ಪೆಟ್ಟಿಗೆ ಎಂಬ ಧೈರ್ಯದಲ್ಲಿ, ಆಫೀಸಿನವರ ಬಗ್ಗೆ ದೇವರಿಗೆ ಮಾತ್ರ ಹೇಳಿಕೊಳ್ಳಬೇಕಾದ ದೂರುಗಳನ್ನು ಅವರು ಅದರಲ್ಲಿ ತುಂಬುತ್ತ ಬಂದಿದ್ದರು. ಅಂಥವು ನಲವತ್ತಮೂರು, ಅಂಗಳಕ್ಕೆ ಇನ್ನೂ ಬಂದು ಬೀಳಬೇಕಿತ್ತು. ‘ಯಾರದು’ ಎಂಬಲ್ಲಿ ಯಂತ್ರವೇ ಅವರ ಹೆಸರು ಬರೆದುಕೊಂಡಿತ್ತು.

ಅಷ್ಟರಲ್ಲಿ ಆಫೀಸಿನ ಫೋನುಗಳೆಲ್ಲ ಟಿಂಗ್ ಟಿಂಗ್ ಎಂದವು. ಟೆಲಿಫೋನ್ ನೋಡಿಕೊಳ್ಳುವ ಅಕ್ಕ, ಆಕೆಯನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು, ಗಟ್ಟಿಯಾಗಿ ಓದತೊಡಗಿದರು.

“ಸಮಸ್ಯೆ: ಮೇಸ್ತ್ರಿ ರಿಪೇರಿಗೆಂದು ಹೋಗಿ ಮೇಲಿನ ಮಹಡಿಯಲ್ಲಿ ಮಲಗುತ್ತಾರೆ. ಯಾವಾಗ: ಊಟವಾದ ಮೇಲೆ. ಗಂಭೀರತೆ: ಗೊರಕೆಯನ್ನು ಅವಲಂಬಿಸಿದೆ. ಅಯ್ಯೋ, ಯಾರಪ್ಪಾ ಇದನ್ನ ಬರೆದೋರು? ಬಾಯಿಗೆ ಸಕ್ಕರೆ ಹಾಕಬೇಕು!”

“ಸಾಕು ನಗೋದು,” ಎಂದರು ರಿಪೇರಿಯವರ ಹಿರಿಯ ಮೇಸ್ತ್ರಿ. “ಮುಂದಿಂದು ಓದ್ತೀನಿ ಕೇಳಕ್ಕಾ. ಸಮಸ್ಯೆ: ಅಕ್ಕನ ಕಿವಿಗೆ ಬಿದ್ದ ಗುಟ್ಟು ಲಿಫ್ಟಿಗಿಂತ ಬೇಗ ಐದನೇ ಮಹಡಿ ಮುಟ್ಟುತ್ತದೆ. ಯಾವಾಗ: ಕರೆಂಟ್ ಇಲ್ಲದಾಗಲೂ.”

ಅಕ್ಕನ ನಗು ಅಲ್ಲೇ ನಿಂತಿತು. “ಬರೆದವನ ಕೈ ಸೇದಿಹೋಗ!”

ದೂರಪ್ಪನವರು ಮೇಜಿನ ಹಿಂದೆ ಕುಗ್ಗಿ, ಒಂದೊಂದನ್ನೇ ಅಳಿಸತೊಡಗಿದರು. ಅಳಿಸಿದ್ದು ಒಂದು ನಿಮಿಷಕ್ಕೆ ಮತ್ತೆ ಬರುತ್ತಿತ್ತು, ಬಂದಾಗಲೆಲ್ಲ ಎಲ್ಲರ ಫೋನೂ ಇನ್ನೊಮ್ಮೆ ಟಿಂಗ್ ಎನ್ನುತ್ತಿತ್ತು. ಆ್ಯಪಿನ ಕಂಪನಿಗೆ ಪಿಸುದನಿಯಲ್ಲಿ ಫೋನು ಮಾಡಿದರು.

“ಚೆನ್ನಾಗಿ ಕೆಲಸ ಮಾಡ್ತಿದೆ ಸರ್,” ಎಂದಿತು ಆ ಕಡೆಯ ದನಿ. “ನೀವು ಇಲ್ಲಿ ಅಳಿಸಿದ್ರೆ ಹಳೇ ಪೆಟ್ಟಿಗೆಯಿಂದ ತಂದು ಹಾಕತ್ತೆ.”

“ಅಲ್ಲೇ ಅಳಿಸ್ತೀನಪ್ಪಾ!”

“ಹಳೇದಕ್ಕೆ ಬೀಗ ಬಿದ್ದಿದೆ ಸರ್. ಓದಬಹುದು ಅಷ್ಟೆ. ನಮ್ಮ ಸೇವೆ ತೃಪ್ತಿ ತಂದಿದ್ರೆ ಐದು ಒತ್ತಿ.”

ತಲೆ ಎತ್ತಿದರೆ ಎದುರಿಗೆ ಅಕ್ಕ, ಮೇಸ್ತ್ರಿ ಇಬ್ಬರೂ ನಿಂತಿದ್ದರು. ಮುಗಿಯಿತು ಕತೆ ಎಂದುಕೊಂಡರು ದೂರಪ್ಪನವರು.

ಅಕ್ಕ ಲೊಚಗುಟ್ಟಿದರು. “ಅಯ್ಯೋ ಪಾಪ! ಯಾರೋ ಬರೆದ ಕೊಳಕನ್ನೆಲ್ಲ ನಿಮ್ಮ ತಲೆಗೆ ಕಟ್ಟಿದಾರಲ್ಲಣ್ಣಾ? ನಲವತ್ತಮೂರಕ್ಕೂ ‘ಯಾರದು’ ಅನ್ನೋ ಕಡೆ ನಿಮ್ಮ ಹೆಸರೇ ಇದೆ. ನನ್ನ ಬಾಯಿ ಮುಚ್ಚಿಸೋ ಕೆಲಸವೂ ನಿಮಗೇ ಅಂತೆ!”

“ನನ್ನನ್ನ ಎಬ್ಬಿಸೋದೂ ನಿಮ್ಮದೇ,” ಎಂದರು ಮೇಸ್ತ್ರಿ. “ಮೂರೂವರೆಗೆ ಎಬ್ಬಿಸಿದ್ರೆ ಸಾಕು.”

ಬರೆದವರು ಯಾರೆಂದು ಯಾರಿಗೂ ತಿಳಿದಿರಲಿಲ್ಲ! ದೂರಪ್ಪನವರು ಮನಸ್ಸಿನಲ್ಲೇ ಕೈ ಮುಗಿದರು. ಮುಗಿದ ಕೈ ಇಳಿಯುವ ಮೊದಲೇ ಅವರ ಫೋನು ಟಿಂಗ್ ಎಂದಿತು: ‘ನಿಮ್ಮ ಹೆಸರಿನಲ್ಲಿ ನಲವತ್ತಮೂರು ಕೆಲಸ ಬಾಕಿ ಇದೆ. ನಿಮ್ಮ ರಜೆ ರದ್ದಾಗಿದೆ. ಶುಭದಿನ.’

ಗಂಟೆ ನಾಲ್ಕೂವರೆ. ಬಾಯಿ ಮುಚ್ಚಿಕೊಂಡರೆ ಮಾನ ಉಳಿಯುತ್ತದೆ, ಮೊಮ್ಮಗಳು ಸಿಗುವುದಿಲ್ಲ. ಒಪ್ಪಿಕೊಂಡರೆ ಮಾನ ಹೋಗುತ್ತದೆ, ಆದರೆ ಅವು ಕೆಲಸವಲ್ಲ, ಬರೀ ದೂರು ಎಂದಾಗಿ ರೈಲು ಸಿಗುತ್ತದೆ. ದೂರಪ್ಪನವರು ಆ ಪುಟ್ಟ ಹಣೆಯನ್ನು ನೆನೆದರು. ಎಲ್ಲರ ಎದುರಿಗೇ ಮ್ಯಾನೇಜರ ಮುಂದೆ ಹೋಗಿ ನಿಂತರು.

“ಸರ್, ತಪ್ಪಾಯ್ತು. ಆ ನಲವತ್ತಮೂರೂ ನಂದು.”

ಮ್ಯಾನೇಜರು ಕುರ್ಚಿಯಿಂದ ಎದ್ದರು. ಅವರ ಕಣ್ಣು ಒದ್ದೆಯಾಗಿತ್ತು.

“ಕೇಳಿದಿರಾ ಎಲ್ಲರೂ? ನಂದು ಅಂದರು! ಏಳು ವರ್ಷದಿಂದ ಈ ಆಫೀಸಲ್ಲಿ ಯಾವ ಕೆಲಸ ಕೇಳಿದರೂ ‘ನಂದಲ್ಲ ಸರ್, ಅವರದು’ ಅಂತಾನೇ ಕೇಳಿದೀನಿ. ಇವರೊಬ್ಬರು ನಂದು ಅಂದರು! ಅದೂ ರಜೆ ಬಿಟ್ಟು!”

ಎಲ್ಲರೂ ಚಪ್ಪಾಳೆ ತಟ್ಟಿದರು. ತಮ್ಮ ಹೆಸರಿಗೆ ಬರಲಿಲ್ಲವಲ್ಲ ಎಂಬ ಸಂತೋಷ ಅದರಲ್ಲಿ ಚೆನ್ನಾಗಿ ಕೇಳಿಸುತ್ತಿತ್ತು.

“ಹಾಗಲ್ಲ ಸರ್, ನಂದು ಅಂದ್ರೆ... ಬರೆದದ್ದು...”

“ಬರೆದವನ ಮಾತೆತ್ತಬೇಡಿ. ಅವನು ಸಿಕ್ಕಿದ ದಿನವೇ ಕೆಲಸದಿಂದ ತೆಗೀತೀನಿ. ನೀವು ಮೊದಲು ನನ್ನದನ್ನ ಸರಿ ಮಾಡಿ. ನಾನು ಒಂದೇ ಮಾತು ಮೂರು ಸಲ ಹೇಳ್ತೀನಂತೆ. ಎಲ್ಲಾದರೂ ಉಂಟಾ? ಮೊದಲು ನನ್ನದು. ನನ್ನದೇ ಮೊದಲು. ಮೊದಲು ನನ್ನದು.”

ಆರಕ್ಕೆ ಐದು ನಿಮಿಷವಿರುವಾಗ ಹೆಂಡತಿಯ ಫೋನು ಬಂತು. ಹಿಂದೆ ರೈಲಿನ ಕೂಗು ಕೇಳುತ್ತಿತ್ತು. ದೂರಪ್ಪನವರು ಎಲ್ಲವನ್ನೂ ತಗ್ಗಿದ ದನಿಯಲ್ಲಿ ಹೇಳಿದರು.

“ನಾನೊಬ್ಬಳೇ ಹೋಗ್ತೀನಿ ಬಿಡಿ,” ಎಂದರು ಆಕೆ. “ಆದ್ರೆ ಒಂದು ಹೇಳಿ. ಇದರಲ್ಲಿ ತಪ್ಪು ಯಾರದು?”

ದೂರಪ್ಪನವರು ಬಾಯಿ ತೆರೆದರು. ಪಕ್ಕದ ಮೇಜಿನಿಂದ ಅಕ್ಕ ಕಿವಿ ಇತ್ತ ಚಾಚಿದ್ದರು.

“ರಾಂಗ್ ನಂಬರ್,” ಎಂದು ಹೇಳಿ ಫೋನು ಕೆಳಗಿಟ್ಟರು.