ಚಿಕ್ಕಮ್ಮನ ನಲವತ್ತಮೂರು ಇಂಚು

ನಮ್ಮ ಚಿಕ್ಕಮ್ಮನಷ್ಟು ಅಪನಂಬಿಕೆಯ ಮನುಷ್ಯರು ಅಮೆರಿಕದಲ್ಲಿ ಇನ್ನೊಬ್ಬರಿಲ್ಲ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಮೇರಿಲ್ಯಾಂಡಿನ ಆಸ್ಪತ್ರೆಯೊಂದರಲ್ಲಿ ಮೂವತ್ತೈದು ವರ್ಷ ಪೆಥಾಲಜಿಸ್ಟ್ ಆಗಿ ಶವಪರೀಕ್ಷೆ ಮಾಡುತ್ತಿದ್ದವರು. ಕಣ್ಣಾರೆ ಕಂಡದ್ದನ್ನೂ ಅಳೆದು ನೋಡಿದ ಮೇಲೆಯೇ ನಂಬುವುದು. ಲ್ಯಾನ್‌ಹ್ಯಾಮ್ ಎಂಬ ಊರಿನ ದೇವಸ್ಥಾನದಲ್ಲಿ ಒಮ್ಮೆ ಪ್ರಸಾದದ ಮೊಸರನ್ನಕ್ಕೆ ಥರ್ಮಾಮೀಟರ್ ಚುಚ್ಚಿ, ಇದು ಹೊರಗಿಟ್ಟು ಬಹಳ ಹೊತ್ತಾಗಿದೆ ಎಂದು ತೀರ್ಪು ಕೊಟ್ಟಿದ್ದರು. ಆಮೇಲೆ ಅಲ್ಲಿನ ಅಡುಗೆಯವರು ಇವರ ಕಾರು ಕಂಡ ಕೂಡಲೇ ಪಾತ್ರೆಗಳಿಗೆಲ್ಲ ಮುಚ್ಚಳ ಹಾಕಿಬಿಡುತ್ತಿದ್ದರಂತೆ.

ನಿವೃತ್ತರಾದ ಮೇಲೆ ಅವರೂ ಚಿಕ್ಕಪ್ಪನೂ ನಾವಿರುವ ಕ್ಯಾರಿ ಎಂಬ ಊರಿಗೆ ಬಂದು, ನಮ್ಮ ಮನೆಯಿಂದ ಹತ್ತು ನಿಮಿಷದ ಡ್ರೈವ್‌ನಲ್ಲಿ ಮನೆ ಕೊಂಡರು. ಚಿಕ್ಕಪ್ಪನಿಗೆ ಇದ್ದ ಚಟ ಒಂದೇ, ಟೀವಿ. ಕೂರುವ ಕೋಣೆಯಲ್ಲಿ ಟೀವಿ ಇದ್ದರೆ ಮನುಷ್ಯರು ಮಾತು ಮರೆಯುತ್ತಾರೆ ಎಂಬುದು ಚಿಕ್ಕಮ್ಮನ ಸಿದ್ಧಾಂತ. ಹಾಗಾಗಿ ಟೀವಿ ಮಹಡಿಯಲ್ಲಿ, ಚಿಕ್ಕಪ್ಪ ಟೀವಿಯ ಮುಂದೆ, ಚಿಕ್ಕಮ್ಮ ಮಾತಿಗೆ ಯಾರೂ ಇಲ್ಲದೆ ಕೆಳಗೆ!

ಅವರು ಇಲ್ಲಿಗೆ ಬಂದ ನಾಲ್ಕನೆಯ ವರ್ಷ ಮೇ ತಿಂಗಳಲ್ಲಿ ಚಿಕ್ಕಪ್ಪನಿಗೆ ಸ್ಟ್ರೋಕ್ ಆಯಿತು. ಆಸ್ಪತ್ರೆಯಲ್ಲಿ ಒಂದು ವಾರ, ಚೇತರಿಕೆಯ ಕೇಂದ್ರವಾದ ರಿಹ್ಯಾಬ್‌ನಲ್ಲಿ ಮೂರು ವಾರ ಕಳೆದ ಮೇಲೆ ಬರುವ ಶುಕ್ರವಾರ ಮನೆಗೆ ಕಳಿಸುತ್ತೇವೆ ಎಂದು ಅಲ್ಲಿನವರು ಹೇಳಿದರು. ಮೆಟ್ಟಿಲು ಹತ್ತುವ ಹಾಗಿಲ್ಲ. ಸೋಮವಾರ ಬೆಳಿಗ್ಗೆ ನಾನು ಮೀಟಿಂಗಿನಲ್ಲಿದ್ದಾಗ ಚಿಕ್ಕಮ್ಮನ ಫೋನು ಬಂತು.

"ಕೆಳಗೊಂದು ಹೊಸ ಟೀವಿ ಬರ್ಬೇಕು ಕಣೇ. ನಿನ್ನ ಹೈಟ್ ಎಷ್ಟು?"

ಐದು ಅಡಿ ಎರಡು ಇಂಚು ಎಂದೆ. ಸಾಲದು, ಏಣಿ ತಗೊಂಡು ಬಾ ಎಂದು ಫೋನ್ ಇಟ್ಟರು.

ಸಂಜೆ ಏಣಿ ಹೊತ್ತುಕೊಂಡು ಹೋದೆ. ಬಾಗಿಲು ತೆಗೆದ ಚಿಕ್ಕಮ್ಮನನ್ನು ನೋಡಿ ನನ್ನ ಕೈಯಿಂದ ಏಣಿ ಜಾರುವುದೊಂದು ಬಾಕಿ. ಅವರ ಕನ್ನಡಕದ ಎರಡು ಗಾಜಿಗೂ ಎಡ ಅರ್ಧಕ್ಕೆ ಆಸ್ಪತ್ರೆಯ ಬಿಳಿ ಟೇಪು ಅಂಟಿಸಿತ್ತು. ನನ್ನನ್ನು ಒಳಗೆ ಕರೆದುಕೊಂಡು ಹೋಗುತ್ತಾ ಎಡಗಡೆಯ ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಂಡರು. ಬೆಳಿಗ್ಗೆಯಿಂದ ಇದು ಆರನೆಯ ಸಲವಂತೆ. ಎಲ್ಲವನ್ನೂ ಬರೆದಿಟ್ಟಿದ್ದರು.

"ನಿನ್ನ ಚಿಕ್ಕಪ್ಪಂಗೆ ಹೇಗೆ ಕಾಣುತ್ತೆ ಅಂತ ನೋಡ್ತಿದೀನಿ. ಅವ್ರಿಗೆ ಎರಡು ಕಣ್ಣಲ್ಲೂ ಎಡಗಡೆ ಅರ್ಧ ಕಾಣಲ್ಲ. ಕಣ್ಣು ಸರಿಯಾಗೇ ಇದೆ, ಮೆದುಳು ತಗೋತಿಲ್ಲ. ಮೂವತ್ತೈದು ವರ್ಷ ಈ ಮೆದುಳನ್ನ ಸ್ಲೈಸ್ ಮಾಡಿ ನೋಡಿದೀನಿ. ಆದ್ರೆ ನನ್ನ ಪೇಷಂಟ್ ಯಾರೂ ವಾಪಸ್ ಮನೆಗೆ ಹೋದೋರಲ್ಲ," ಎಂದರು.

ನಗಬೇಕೋ ಅಳಬೇಕೋ? ಎಡಗೈ ಸೋತಿದೆ ಎಂದಷ್ಟೇ ನನಗೆ ಗೊತ್ತಿತ್ತು. ಉಳಿದದ್ದನ್ನು ಅವರು ಏಣಿ ಬಿಚ್ಚುತ್ತಾ ಹೇಳಿದರು. ರಿಹ್ಯಾಬ್‌ನ ಹಾಲ್‌ನಲ್ಲಿ ಗೋಡೆಯಗಲದ ಟೀವಿ ಇದೆಯಂತೆ. ಅದರ ಮುಂದೆ ಕೂರಿಸಿದರೆ ಎಡಗಡೆಯಿಂದ ಬರುವ ಜನ ಇದ್ದಕ್ಕಿದ್ದಂತೆ ಗೋಡೆಯೊಳಗಿಂದ ಹೊರಬಿದ್ದ ಹಾಗೆ ಕಾಣುತ್ತಾರೆಂದು ಚಿಕ್ಕಪ್ಪ ಬೆಚ್ಚುತ್ತಿದ್ದರಂತೆ. ಆಮೇಲೆ ಕಣ್ಣು ಮುಚ್ಚಿಕೊಳ್ಳತೊಡಗಿದರು. ಈಗ ನಾಲ್ಕು ದಿನದಿಂದ ಟೀವಿ ಇರಲಿ, ಇಲ್ಲದಿರಲಿ, ಕಣ್ಣು ಮುಚ್ಚಿಕೊಂಡೇ ಇರುತ್ತಾರೆ. ಊಟವನ್ನೂ ಹಾಗೆಯೇ ಮಾಡುತ್ತಾರೆ. ಮನೆಗೆ ಬಂದ ಮೇಲಾದರೂ ಕಣ್ಣು ತೆರೆಯುತ್ತಾರೋ ಇಲ್ಲವೋ ಎಂಬುದು ಚಿಕ್ಕಮ್ಮನ ಭಯ. ಆದರೆ ಅವರು ಭಯ ಎಂಬ ಮಾತನ್ನೇ ಬಳಸಲಿಲ್ಲ. "ಟೀವಿ ಸೈಜ್ ಕರೆಕ್ಟಾಗಿ ಹಿಡೀಬೇಕು" ಎಂದಷ್ಟೇ ಹೇಳಿದರು.

ಕೆಳಗೆ ಕೂರುವ ಕೋಣೆಯ ಎರಡು ಕಡೆ ಕಿಟಕಿ, ಮೂರನೆಯ ಕಡೆ ಅಡುಗೆಮನೆ. ಉಳಿದದ್ದು ಫೈರ್‌ಪ್ಲೇಸಿನ ಗೋಡೆಯೊಂದೇ. ಕೆಳಗೆ ಗ್ಯಾಸಿನ ಬೆಂಕಿಗೂಡು, ಅದರ ಮೇಲೊಂದು ಮರದ ಹಲಗೆ, ಅಲ್ಲಿಂದ ಸೂರಿನವರೆಗೂ ಬೂದು ಕಲ್ಲು. ಚಿಕ್ಕಮ್ಮ ರಟ್ಟಿನ ಡಬ್ಬಗಳನ್ನು ಕತ್ತರಿಸಿ ನಾಲ್ಕು ಟೀವಿ ತಯಾರಿಸಿದ್ದರು: ಎಪ್ಪತ್ತೈದು ಇಂಚು, ಅರವತ್ತೈದು, ಐವತ್ತೈದು, ನಲವತ್ತಮೂರು. ನಾನು ಏಣಿ ಹತ್ತಿ ಒಂದೊಂದನ್ನೇ ಕಲ್ಲಿಗೆ ಒತ್ತಿ ಹಿಡಿಯಬೇಕು. ಅವರು ಚಿಕ್ಕಪ್ಪನ ಒರಗು ಕುರ್ಚಿ, ರಿಕ್ಲೈನರ್‌ನಲ್ಲಿ ಅರ್ಧ ಮಲಗಿ, ಟೇಪಿನ ಕನ್ನಡಕದಲ್ಲಿ ನೋಡಿ, ಕತ್ತು ಎಷ್ಟು ತಿರುಗಿತು ಎಂದು ಬರೆದುಕೊಳ್ಳುತ್ತಾರೆ. ಅರವತ್ತೈದರ ಹೊತ್ತಿಗೆ ನನ್ನ ಭುಜ ಕೈಕೊಟ್ಟಿತು. ಇಷ್ಟು ದೊಡ್ಡ ಕೋಣೆಗೆ ಎಪ್ಪತ್ತೈದು ಬೇಕೇ ಬೇಕು ಅಂತ ಎಲ್ಲ ವೆಬ್‌ಸೈಟಿನಲ್ಲೂ ಇದೆ ಎಂದೆ.

"ವೆಬ್‌ಸೈಟ್‌ಗೆ ಸ್ಟ್ರೋಕ್ ಆಗಿದ್ಯಾ?" ಎಂದರು.

ಬುಧವಾರ ಮಧ್ಯಾಹ್ನ ನಾಲ್ಕೂ ರಟ್ಟುಗಳನ್ನು ಕಾರಿಗೆ ತುರುಕಿ ರಿಹ್ಯಾಬ್‌ಗೆ ಹೋದೆವು. ಪ್ರತಿಯೊಂದರ ನಾಲ್ಕು ಮೂಲೆಗಳಲ್ಲೂ ಅಂಗೈಯಗಲದ ಅಕ್ಷರಗಳು: ಮೇಲೆ ಎಡಕ್ಕೆ ಅ, ಬಲಕ್ಕೆ ಆ, ಕೆಳಗೆ ಹಾಗೆಯೇ ಇ, ಈ. ಕೌಂಟರಿನಲ್ಲಿದ್ದ ನರ್ಸ್ ಇದೇನು ಪ್ರತಿಭಟನೆಯೇ ಎಂದು ವಿಚಾರಿಸಿದಳು. ಚಿಕ್ಕಮ್ಮ ತಾವು ಡಾಕ್ಟರ್ ಎಂದಷ್ಟೇ ಹೇಳಿ ಮುಂದೆ ನಡೆದರು. ಯಾವ ಡಾಕ್ಟರ್ ಎಂದು ಹೇಳಲಿಲ್ಲ.

ಚಿಕ್ಕಪ್ಪ ಕಣ್ಣು ಮುಚ್ಚಿ ಒರಗಿದ್ದರು. ಮನೆಯಲ್ಲಿ ಅಳೆದಷ್ಟೇ ದೂರದಲ್ಲಿ ನಾನು ದೊಡ್ಡ ರಟ್ಟು ಎತ್ತಿ ನಿಂತೆ. ರೀ, ಒಂದೇ ಒಂದು ಸಲ ಕಣ್ಣು ಬಿಡಿ, ಏನಿದೆ ಓದಿ ಎಂದರು ಚಿಕ್ಕಮ್ಮ. ಬಹಳ ಹೊತ್ತಿನ ಮೇಲೆ ಅವರು ಕಣ್ಣು ತೆರೆದರು. "ಆ... ಈ..." ಎಂದು ಮತ್ತೆ ಮುಚ್ಚಿಕೊಂಡರು. ಅರವತ್ತೈದಕ್ಕೂ ಅಷ್ಟೇ, ಐವತ್ತೈದಕ್ಕೂ ಅಷ್ಟೇ. ಚಿಕ್ಕಮ್ಮನ ಪೆನ್ನು ಪ್ರತಿ ಸಲವೂ ಒಂದೇ ಸಮನೆ ಗುರುತು ಹಾಕಿತು. ಕೊನೆಗೆ ನಲವತ್ತಮೂರನ್ನು ಎತ್ತಿದೆ. ಚಿಕ್ಕಪ್ಪನ ಕತ್ತು ತುಸು ಎಡಕ್ಕೆ ಹೊರಳಿತು.

"ಅ, ಆ, ಇ, ಈ," ಎಂದರು. ಎಲ್ಲ ಹೇಳಿ ಮುಗಿಸಿದ ಮೇಲೂ ಕಣ್ಣು ಮುಚ್ಚಲಿಲ್ಲ.

ಚಿಕ್ಕಮ್ಮ ನೋಟ್‌ಬುಕ್ ಮುಚ್ಚಿದರು. ಕಾರಿನಲ್ಲಿ ಕೂತು ಸ್ಟೀರಿಂಗ್ ಹಿಡಿದವರು ಹತ್ತು ನಿಮಿಷವಾದರೂ ಹೊರಡಲಿಲ್ಲ.

ಗುರುವಾರ ಟೀವಿಯೂ ಬಂತು, ಅದನ್ನು ಗೋಡೆಗೆ ಕೂರಿಸುವವನೂ ಬಂದ. ಅರವತ್ತರ ಆಸುಪಾಸಿನ ಸಾವಧಾನದ ಮನುಷ್ಯ, ಪ್ರತಿ ಮಾತಿಗೂ ಮ್ಯಾಮ್ ಎನ್ನುವವನು. ಆದರೆ ಚಿಕ್ಕಮ್ಮ ಅವನಿಗೆ ಡ್ರಿಲ್ ಮುಟ್ಟಲು ಬಿಡಬೇಕಲ್ಲ! ಮೊದಲು ಬಿಸಿ ಎಷ್ಟು ಏರುತ್ತದೆ ಎಂದು ತಿಳಿಯಬೇಕು. ಕಲ್ಲಿಗೆ ಥರ್ಮಾಮೀಟರ್ ಅಂಟಿಸಿ, ಜೂನ್ ತಿಂಗಳ ಧಗೆಯಲ್ಲಿ ಒಂದು ಗಂಟೆ ಬೆಂಕಿ ಉರಿಸಿದರು. ಹೊರಗೆ ಬಿಸಿಲು, ಒಳಗೆ ಬೆಂಕಿ, ನಡುವೆ ನಾವು ಮೂವರು. ಈ ಫೈರ್‌ಪ್ಲೇಸ್ ಎಷ್ಟು ಬಳಸುತ್ತೀರಿ ಎಂದು ಅವನು ಬೆವರು ಒರೆಸಿಕೊಳ್ಳುತ್ತಾ ಕೇಳಿದ. ನಾಲ್ಕು ವರ್ಷದಲ್ಲಿ ಒಮ್ಮೆಯೂ ಹಚ್ಚಿಲ್ಲ ಎಂದರು ಚಿಕ್ಕಮ್ಮ. ಮತ್ತೆ ಈಗ ಯಾಕೆ ಎಂದದ್ದಕ್ಕೆ, ಚಳಿಗಾಲದಲ್ಲಿ ನನ್ನ ಗಂಡನಿಗೆ ಚಳಿಯಾಗಬಹುದು ಎಂದರು. ಅವರು ಚಳಿಗಾಲದವರೆಗೂ ಯೋಚನೆ ಮಾಡಿದ್ದಾರೆ ಎಂಬುದೇ ಆ ವಾರ ನಾನು ಕೇಳಿದ ಮೊದಲ ಸಮಾಧಾನದ ಸುದ್ದಿ.

ಇಷ್ಟಗಲ ಕಲ್ಲಿಗೆ ನಲವತ್ತಮೂರು ಇಂಚು ಅಂಚೆಚೀಟಿಯ ಹಾಗೆ ಕಾಣುತ್ತದೆ ಎಂದು ಅವನು ನನ್ನ ಕಡೆ ತಿರುಗಿ ಗೊಣಗಿದ. ಬೆಂಕಿ ಆರಿಸಿ ಡ್ರಿಲ್ ಹಿಡಿದರೆ ಎರಡನೆಯ ತೂತಿಗೆ ಮೊನೆ ಮುರಿಯಿತು. ಕಲ್ಲು ಬಹಳ ಗಟ್ಟಿ, ಬೇರೆ ಮೊನೆ ಊರಾಚೆಯ ಅಂಗಡಿಯಿಂದ ತರಬೇಕು, ಸೋಮವಾರ ಬರುತ್ತೇನೆ ಎಂದ. ಚಿಕ್ಕಮ್ಮನ ಮುಖ ಬಿಳಿಚಿಕೊಂಡಿತು. ಶುಕ್ರವಾರ ಎರಡು ಗಂಟೆಗೆ ನನ್ನ ಗಂಡ ಬರುತ್ತಾರೆ ಎಂದರು. ಅದನ್ನೇ ಮತ್ತೆ ಹೇಳಿದರು. ನಾನು ಅವನನ್ನು ಹೊರಗೆ ಕರೆದು ಟೇಪಿನ ಕನ್ನಡಕದಿಂದ ಹಿಡಿದು ಅ ಆ ಇ ಈವರೆಗೆ ಎಲ್ಲ ಹೇಳಿದೆ. ಅವನು ಟ್ರಕ್ ಹತ್ತಿ ಹೊರಟುಹೋದ. ಒಂದೂವರೆ ಗಂಟೆಯ ಮೇಲೆ ಮೂರು ಹೊಸ ಮೊನೆಗಳೊಂದಿಗೆ ವಾಪಸ್ ಬಂದ. ಟೀವಿ ಗೋಡೆಗೇರಿತು. ನಿಜವಾಗಿಯೂ ಅಂಚೆಚೀಟಿಯ ಹಾಗೆಯೇ ಕಾಣುತ್ತಿತ್ತು.

ಶುಕ್ರವಾರ ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡೇ ಬಂದರು. ರಿಕ್ಲೈನರ್‌ನಲ್ಲಿ ಕೂರಿಸಿ, ಹಿಂದಕ್ಕೆ ಬಾಗಿಸಿ, ಟೀವಿ ಹಾಕಿದೆವು. ಯಾವುದೋ ಹಳೆಯ ಮ್ಯಾಚು. ಚಿಕ್ಕಮ್ಮ ಒಂದು ಕುರ್ಚಿ ಎಳೆದುಕೊಂಡು ಅವರ ಪಕ್ಕದಲ್ಲಿ ಕೂತರು, ಉಸಿರು ಬಿಟ್ಟ ಸದ್ದು ಕೂಡ ಕೇಳಲಿಲ್ಲ. ಚಿಕ್ಕಪ್ಪ ಕಣ್ಣು ತೆರೆದರು. ಕತ್ತು ತುಸು ಹೊರಳಿತು. ಐದು ನಿಮಿಷ, ಹತ್ತು ನಿಮಿಷ. ಬೌಲರ್ ಓಡಿ ಬಂದ, ಅವರು ಬೆಚ್ಚಲಿಲ್ಲ. ಅಂಪೈರ್ ಔಟ್ ಕೊಟ್ಟಾಗ ಅವನಿಗೆ ಕಣ್ಣು ಕಾಣಲ್ಲ ಎಂದು ಬೈದರು. ನಾನು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡು ಬಂದು ಅವರ ಬಲಗಡೆ ನಿಂತೆ.

ಆಗ ಅವರು ನನ್ನನ್ನು ನೋಡಿದರು.

"ಪುಟ್ಟಿ, ನಿನ್ ಚಿಕ್ಕಮ್ಮ ಎಲ್ಲೇ? ನಾನು ಬಂದಾಗ್ಲಿಂದ ಕಾಣ್ತಾನೇ ಇಲ್ವಲ್ಲ. ಒಳಗೆ ಒಬ್ಳೇ ಏನ್ ಮಾಡ್ತಿದಾಳೆ? ಬಂದು ಕೂತ್ಕೊಳೋಕೆ ಹೇಳು."

ಚಿಕ್ಕಮ್ಮ ಅವರ ಎಡಗಡೆ, ಮೊಳದ ದೂರದಲ್ಲಿ ಕೂತಿದ್ದರು. ಟೀವಿಯ ಸೈಜು, ಎತ್ತರ, ದೂರ, ಕಲ್ಲಿನ ಬಿಸಿ ಎಲ್ಲವನ್ನೂ ಅಳೆದಿದ್ದವರು ತಾವು ಎಲ್ಲಿ ಕೂರಬೇಕು ಎಂಬುದನ್ನು ಮಾತ್ರ ಯೋಚಿಸಿರಲಿಲ್ಲ. ಒಂದು ಕ್ಷಣ ಬಾಯಿಗೆ ಸೆರಗು ಒತ್ತಿಕೊಂಡರು. ಆಮೇಲೆ ಎದ್ದು, ಕುರ್ಚಿಯನ್ನು ರಿಕ್ಲೈನರಿನ ಹಿಂದಿನಿಂದ ಸುತ್ತಿಸಿ ಬಲಗಡೆಗೆ ತಂದು ಹಾಕಿಕೊಂಡು ಕೂತರು.

"ಬಂದ್ಯಾ?" ಎಂದರು ಚಿಕ್ಕಪ್ಪ.

"ಬಂದೆ ಕಣ್ರೀ."