ಮೀಸೆ ಬೋಳಿಸಿದ ಓಬವ್ವ

ಮುನಿರಾಜನ ಮೀಸೆ ಹೋಗಿದ್ದು ಒಂದು ಚೀಟಿಯಿಂದ. ಕೆ.ಆರ್. ಪುರದ ಆಚೆಯ ಒಂದು ಖಾಸಗಿ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಅವನು ಹತ್ತೊಂಬತ್ತು ವರ್ಷದಿಂದ ಗುಮಾಸ್ತ. ಮೀಸೆ ಅದಕ್ಕಿಂತ ಹಳೆಯದು. ಹೋದ ವಾರ ಎಚ್‌ಆರ್‌ನಿಂದ ಬಂದ ಸರ್ಕ್ಯುಲರ್‌ನಲ್ಲಿ ಎರಡು ಸುದ್ದಿ ಇದ್ದವು. ಒಂದು, ಶುಕ್ರವಾರ 'ವೈವಿಧ್ಯ ದಿನ'. ಇತಿಹಾಸದಲ್ಲಿ ಎಲ್ಲ ಜಾತಿ, ಧರ್ಮ, ಕಸುಬಿನಿಂದ ಬಂದ ದೊಡ್ಡವರನ್ನು ನೆನೆಯಬೇಕು, ಸಿಬ್ಬಂದಿಯೆಲ್ಲ ಚೀಟಿ ಎತ್ತಿ, ಅದರಲ್ಲಿ ಬಂದವರ ವೇಷ ಹಾಕಿಕೊಂಡೇ ಬರಬೇಕು. ಇನ್ನೊಂದು, ಆರೋಗ್ಯ ವಿಮೆಗೆ ತಂದೆತಾಯಿಯನ್ನು ಸೇರಿಸಲು ಅದೇ ಶುಕ್ರವಾರ ಸಂಜೆ ಐದು ಗಂಟೆಗೆ ಕೊನೆ. ಅವರು ಖುದ್ದಾಗಿ ಬಂದು ಮೆಷಿನ್‌ಗೆ ಮುಖ ತೋರಿಸಬೇಕು.

ಮುನಿರಾಜನಿಗೆ ಬೇಕಾಗಿದ್ದು ಎರಡನೆಯದು ಮಾತ್ರ. ತಾಯಿ ಬೈರಮ್ಮನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಮುಂದಿನ ವಾರ ಆಪರೇಷನ್‌ಗೆ ದಿನ ಕೊಟ್ಟಿದ್ದರು. ವಿಮೆ ಆದರೆ ಆಪರೇಷನ್, ಇಲ್ಲದಿದ್ದರೆ ಇಲ್ಲ. ಆದರೆ ಚೀಟಿ ಎತ್ತದವರಿಗೆ ಫಾರಂ ಕೊಡಲ್ಲ ಅಂದರು ಎಚ್‌ಆರ್‌ನ ಭವ್ಯ ಮೇಡಂ. ಸರಿ, ಎತ್ತಿದ. ಒನಕೆ ಓಬವ್ವ ಅಂತ ಬಂತು.

"ಮೇಡಂ, ನಾನು ಗಂಡಸು."

"ಅದಕ್ಕೇ ವೈವಿಧ್ಯ ಅನ್ನೋದು ಮುನಿರಾಜ್. ಮೀಸೆ ಮಾತ್ರ ತೆಗೀಬೇಕು. ಮೀಸೆ ಇಟ್ಕೊಂಡು ಓಬವ್ವ ಆದ್ರೆ ಆ ಮಹಾತಾಯಿಗೇ ಅವಮಾನ."

ಶುಕ್ರವಾರ ಬೆಳಿಗ್ಗೆ ಕಗ್ಗದಾಸಪುರದ ಮನೆಯಲ್ಲಿ ಹೆಂಡತಿ ಯಮುನಾ ನಗು ತಡೆಯಲಾರದೆ ಅವನಿಗೆ ಬೈರಮ್ಮನ ಸೀರೆ ಉಡಿಸಿದಳು, ಕಚ್ಚೆ ಹಾಕಿದಳು, ತುರುಬಿನ ವಿಗ್ ಕೂರಿಸಿ ದೊಡ್ಡ ಕುಂಕುಮ ಇಟ್ಟಳು. ಬೈರಮ್ಮ ಬಂದು ಮಗನ ಬೋಳು ಮುಖ ಸವರಿ, ಕಣ್ಣು ಕಿರಿದು ಮಾಡಿ ನೋಡಿದಳು.

"ಯಾರವ್ವ ನೀನು? ನಮ್ಮ ಮನೆ ಹೆಣ್ಣಿನ ಥರಾನೇ ಇದೀಯ!"

"ಅವ್ವಾ, ನಾನು ಕಣವ್ವ. ಮಧ್ಯಾಹ್ನ ಯಮುನಾ ಜೊತೆ ಆಟೋದಲ್ಲಿ ಬಂದ್ಬಿಡು. ಮರೀಬೇಡ."

ಒನಕೆ ಹಿಡಿದು ಬಸ್ ಹತ್ತಿದ. ಹೆಂಗಸರು ಪುಸಕ್ಕನೆ ನಕ್ಕು ಜಾಗ ಬಿಟ್ಟರು. ಕಂಡಕ್ಟರ್ ಫ್ರೀ ಟಿಕೆಟ್ ಹರಿಯುತ್ತಾ, "ಆಧಾರ್ ತೋರ್ಸಮ್ಮ" ಅಂದ. ಮುನಿರಾಜ ಕಾರ್ಡ್ ಚಾಚಿದ.

"ನಿಮ್ಮ ಯಜಮಾನ್ರದು ಬೇಡಮ್ಮ, ನಿಮ್ದು ಕೊಡಿ."

ಥೂ ಇದರ ಮನೆ ಹಾಳಾಗ ಎಂದುಕೊಂಡು ಮುನಿರಾಜ ದುಡ್ಡು ಕೊಟ್ಟು ಟಿಕೆಟ್ ತಗೊಂಡ.

ಆಫೀಸಿನ ಬಾಗಿಲಲ್ಲಿ ಹಾಜರಿ ಮೆಷಿನ್. ಮುಖ ತೋರಿಸಿದರೆ ಹೆಸರು ಹೇಳಿ ಹಸಿರು ದೀಪ ಹತ್ತುತ್ತೆ. ಈವತ್ತು ಕೆಂಪು ಹತ್ತಿತು. "ಗುರುತು ಸಿಗಲಿಲ್ಲ." ಕುಂಕುಮ ಒರೆಸಿ ತೋರಿಸಿದ, ಗುರುತು ಸಿಗಲಿಲ್ಲ. ವಿಗ್ ತೆಗೆದು ತೋರಿಸಿದ, ಆಗಲೂ ಸಿಗಲಿಲ್ಲ. ಹಾಜರಿ ಬೀಳದಿದ್ದರೆ ವಿಮೆ ಫಾರಂ ತೆರೆಯೋದೇ ಇಲ್ಲ.

ಮೈಸೂರು ಪೇಟ, ಕೋಟು ಹಾಕಿ ವಿಶ್ವೇಶ್ವರಯ್ಯ ಆಗಿದ್ದ ಅಕೌಂಟ್ಸ್‌ನ ಗಯಾಜ್ ಓಡಿಬಂದ. ಯಾರ ಕೆಲಸ ಕೆಟ್ಟರೂ ಅಲ್ಲಿ ಗಯಾಜ್ ಇರಲೇಬೇಕು.

"ಅರೆ ಮುನಿರಾಜ್ ಭಾಯ್, ಅದಕ್ಕೆ ನಿಮ್ಮ ಮೀಸೆ ಬೇಕಂತೆ!"

ಭವ್ಯ ಮೇಡಂ ಬಂದರು. ಅವರ ಚೀಟಿಗೆ ಕೆಂಪೇಗೌಡ ಬಂದಿತ್ತು. ಮೂಗಿನ ಕೆಳಗೆ ಗೋಂದಿನಲ್ಲಿ ಅಂಟಿಸಿದ ಭಾರಿ ಮೀಸೆ. ಅದನ್ನು ನೋಡಿ ಮುನಿರಾಜನ ಹೊಟ್ಟೆ ಉರಿಯಿತು.

"ಮೀಸೆ ಯಾಕ್ರೀ ತೆಗೆದ್ರಿ?"

"ನೀವೇ ಹೇಳಿದ್ದಲ್ವಾ ಮೇಡಂ!"

"ಸರಿ ಸರಿ, ಕೂಗಾಡ್ಬೇಡಿ. ಹಳೇ ಮುಖ ಡಿಲೀಟ್ ಮಾಡಿ ಹೊಸದು ಹಾಕ್ತೀನಿ. ವಿಗ್ ಹಾಕ್ಕೊಳ್ಳಿ, ಕುಂಕುಮ ಇಟ್ಕೊಳ್ಳಿ. ವಿಸಿ ಸಾಹೇಬ್ರು ಬರೋ ಹೊತ್ತಾಯ್ತು, ಹೀಗೇ ಫೋಟೊ ತೆಗೀತೀನಿ."

ತೆಗೆದರು. ಹಸಿರು ದೀಪ ಹತ್ತಿತು. ಫಾರಂ ತೆರೆಯಿತು. ಬೆಳಿಗ್ಗೆಯಿಂದ ಮೊದಲ ಸಲ ಮುನಿರಾಜ ನಿರಾಳವಾಗಿ ಉಸಿರುಬಿಟ್ಟ.

ಟ್ರಾಫಿಕ್ ಪುಣ್ಯದಿಂದ ಯಮುನಾ, ಬೈರಮ್ಮ ಬಂದಾಗ ನಾಲ್ಕೂ ನಲವತ್ತು. ಮಗನ ಆಫೀಸು ಅಂತ ಬೈರಮ್ಮ ತುರುಬು ಕಟ್ಟಿ, ದೊಡ್ಡ ಕುಂಕುಮ ಇಟ್ಟುಕೊಂಡು ಬಂದಿದ್ದಳು. ಮೆಷಿನ್ ಸರಿಯಾಗಿ ಕಾಣದೆ ಮೂಗು ತಾಗುವಷ್ಟು ಬಗ್ಗಿದಳು. ಹಸಿರು ದೀಪ ಹತ್ತಿತು.

"ಸ್ವಾಗತ, ಮುನಿರಾಜ್" ಅಂತು ಮೆಷಿನ್.

ಕಾರಿಡಾರಿನಲ್ಲಿದ್ದ ಮಹನೀಯರೆಲ್ಲ ಹೊಟ್ಟೆ ಹಿಡಿದು ನಕ್ಕರು. ಭವ್ಯ ಮೇಡಂ ಮತ್ತೆ ಮತ್ತೆ ಪ್ರಯತ್ನಿಸಿದರು. ಪರದೆ ಮೇಲೆ ಒಂದೇ ಮಾತು: ಈ ಮುಖ ಈಗಾಗಲೇ ನೌಕರ ಮುನಿರಾಜ್ ಹೆಸರಿನಲ್ಲಿದೆ.

"ಅವ್ವಾ, ಕುಂಕುಮ ಒರೆಸ್ಕೋ!"

"ನಿನ್ನ ಮೆಷಿನ್ನಿಗೆ ಬೆಂಕಿ ಹಾಕ! ನಾನ್ಯಾಕೆ ಒರೆಸ್ಕೊಳ್ಳಲಿ?" ಬೈರಮ್ಮ ಗದರಿದಳು.

ನಾಲ್ಕೂ ಐವತ್ತೆಂಟು. ಮುನಿರಾಜ ಅಳುವುದೊಂದು ಬಾಕಿ. ಅಷ್ಟರಲ್ಲಿ ಗಯಾಜ್ ಪೇಟ ಸರಿಮಾಡಿಕೊಂಡು ನುಗ್ಗಿದ. "ಇಷ್ಟಕ್ಕೆಲ್ಲ ಯಾಕ್ ತಲೆ ಕೆಡಿಸ್ಕೊಳ್ತೀರಾ? ಇಲ್ಲಿ 'ಅಪ್‌ಡೇಟ್' ಅಂತ ಇದ್ಯಲ್ಲಾ" ಎಂದು ಒತ್ತೇಬಿಟ್ಟ. ಮೆಷಿನ್ ಸಂತೋಷದಿಂದ ಟಿಣ್ ಅಂತು. ಗಡಿಯಾರ ಐದು ತೋರಿಸಿತು. ಪರದೆಯಲ್ಲಿ 'ನೋಂದಣಿ ಮುಕ್ತಾಯ' ಎಂದು ಬಂತು.

"ಆಯ್ತಾ ಮೇಡಂ? ಅವ್ವಂದು ಆಯ್ತಾ?"

ಭವ್ಯ ಮೇಡಂ ಮೀಸೆ ಕಿತ್ತು ಮೇಜಿನ ಮೇಲಿಟ್ಟರು. "ಆಗಿದೆ. ಆದ್ರೆ ತಾಯಿ ಅಂತ ಆಗಿಲ್ಲ, ನೀವು ಅಂತ ಆಗಿದೆ. ನೌಕರ ಮುನಿರಾಜ್, ಪುರುಷ, ವಯಸ್ಸು ನಲವತ್ತೇಳು. ಫೋಟೊ ಮಾತ್ರ ಅಮ್ಮಂದು. ಈ ವಿಮೆ ಕಾರ್ಡ್ ತೋರ್ಸಿದ್ರೆ ಯಾವ ಆಸ್ಪತ್ರೇಲೂ ಅವರನ್ನ ಒಳಗೆ ಬಿಡಲ್ಲ."

"ಹಂಗಾದ್ರೆ ನಾನು?"

ಮುನಿರಾಜ ಮೆಷಿನ್ ಮುಂದೆ ನಿಂತ. ಕೆಂಪು ದೀಪ. ಗುರುತು ಸಿಗಲಿಲ್ಲ.

"ಐದಕ್ಕೆ ಎಲ್ಲಾ ಲಾಕ್ ಆಯ್ತು, ಬೆಳಿಗ್ಗೆ ಥರ ಮುಖ ಬದಲಾಯಿಸೋಕಾಗಲ್ಲ. ತಿದ್ದುಪಡಿ ಇನ್ನು ಏಪ್ರಿಲ್‌ನಲ್ಲೇ" ಅಂದರು ಮೇಡಂ, ಕಣ್ಣು ತಪ್ಪಿಸಿ. "ಅಲ್ಲೀವರ್ಗೂ ನಿಮ್ಮ ಹಾಜರಿ ಬೀಳ್ಬೇಕಂದ್ರೆ ದಿನಾ ಒಂಬತ್ತೂವರೆಗೆ ಅಮ್ಮನೇ ಬಂದು ಮುಖ ತೋರಿಸ್ಬೇಕಾಗುತ್ತೆ. ಸಂಜೆ ಹೋಗುವಾಗ್ಲೂ ಅಷ್ಟೇ."

ಮುನಿರಾಜ ಒನಕೆ ಗೋಡೆಗೆ ಒರಗಿಸಿ, ಸೀರೆ ಎತ್ತಿಕಟ್ಟಿಕೊಂಡು, ಅಲ್ಲೇ ಮೆಟ್ಟಿಲ ಮೇಲೆ ಕುಸಿದ. ಬೈರಮ್ಮ ತಡಕಾಡಿ ಬಂದು ಅವನ ತಲೆ ನೇವರಿಸಿದಳು.

"ಅಳಬೇಡ ಮಗಾ. ನಿನ್ನ ಕೆಲಸ ಉಳೀಲಿ, ದಿನಾ ಬರ್ತೀನಿ. ಆದ್ರೆ ನಂಗೆ ಕಣ್ಣು ಕಾಣಲ್ಲ ನೋಡು, ಕೈ ಹಿಡ್ಕೊಂಡು ಕರ್ಕೊಂಡ್ಬರೋಕೆ ಒಬ್ರು ಬೇಕು. ನೀನು ರಜಾ ಹಾಕ್ಬಿಡು."