ದೊಡ್ಡಮಾವ ಕುಟ್ಟಿ ನೋಡುವ ಬಾಗಿಲು

ನಮ್ಮ ದೊಡ್ಡಮಾವನವರು ಕುಟ್ಟಿ ನೋಡದೆ ಯಾವ ಬಾಗಿಲನ್ನೂ ದಾಟಿದವರಲ್ಲ. ಕದ ಕುಟ್ಟುವುದಲ್ಲ, ಅದನ್ನು ಯಾರು ಬೇಕಾದರೂ ಮಾಡುತ್ತಾರೆ! ಇವರು ಕೋಲೆತ್ತಿ ಚೌಕಟ್ಟಿನ ಮೇಲುಭಾಗಕ್ಕೆ ಟಕ್ ಟಕ್ ಎಂದು ಎರಡೇಟು ಹಾಕಿ, ಕಿವಿ ಓರೆ ಮಾಡಿ ಕೇಳಿ, "ಗಟ್ಟಿ ಐತೆ" ಎಂದ ಮೇಲೆಯೇ ಬಲಗಾಲು ಎತ್ತುವುದು.

ನನ್ನ ಗಂಡನ ದೊಡ್ಡಪ್ಪ ಇವರು. ಉರಿಗಾಂ ಚಿನ್ನದ ಗಣಿಯೊಳಗೆ ತಲೆಯ ಮೇಲಿನ ಬಂಡೆ ಕುಸಿಯದಂತೆ ಮರದ ಆಸರೆ ಕೊಡುತ್ತಿದ್ದವರು. ಕುಟ್ಟಿದಾಗ ಠಣ್ ಅಂದರೆ ಬಂಡೆ ಗಟ್ಟಿ, ಬೊದ್ ಅಂದರೆ ಓಡು! ಗಣಿಗೇನೋ ಬೀಗ ಬಿತ್ತು, ಅಭ್ಯಾಸಕ್ಕೆ ಬೀಳಬೇಕಲ್ಲ? ಆಂಡರ್ಸನ್‌ಪೇಟೆಯ ನೆಂಟರ ಗೃಹಪ್ರವೇಶದಲ್ಲಿ ಫಾಲ್ಸ್ ಸೀಲಿಂಗ್ ಕುಟ್ಟಿ, "ಬೊದ್ ಅಂತೈತೆ, ಎಲ್ರೂ ಈಚೆ ಬನ್ರಪ್ಪೋ!" ಎಂದು ಕೂಗಿದರು. ಮೊದಲು ಓಡಿದವರು ಪುರೋಹಿತರು! ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ್ದ ಶಿಸ್ತೆಲ್ಲ ಅಂದು ನಗು ತಡೆಯುವುದಕ್ಕೇ ಮುಗಿದುಹೋಯಿತು.

ಆಮೇಲೆ ಅವರಿಗೆ ಪಾರ್ಕಿನ್ಸನ್ ಎಂಬ ನಡುಕದ ಕಾಯಿಲೆ ಬಂತು. ಟಕ್ ಟಕ್ ಹೋಗಿ ಟಕಟಕಟಕ ಆಯಿತು. "ಈಗ ಕೋಲೇ ಕುಟ್ಕೊಂತೈತೆ, ನಂಗೆ ರೆಸ್ಟು" ಎಂದು ನಕ್ಕರು. ಆದರೆ ಹೊಸ್ತಿಲ ಬಳಿ ಕಾಲು ನೆಲಕ್ಕೆ ಅಂಟಿಕೊಳ್ಳತೊಡಗಿತು. ದಿನಾ ಬೆಳಿಗ್ಗೆ ಟೀ ಅಂಗಡಿಯಲ್ಲಿ ಗಣಿಯ ಗೆಳೆಯರು ಕಾಯುತ್ತಾರೆ, ಅಲ್ಲಿಗೆ ಹೋಗಲಾಗದಿದ್ದರೆ? ಅವರಿಗಿದ್ದದ್ದು ಅದೊಂದೇ ಭಯ.

ಒಂದು ದಿನ ಪೇಪರಿನಲ್ಲಿ ಈ ಕಾಯಿಲೆಗೆ ಜೀನ್ ಥೆರಪಿ ಎಂಬ ಸುದ್ದಿ ಬಂತು. ಕತ್ತರಿಸಿ, ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡು, ಬಂಗಾರಪೇಟೆಯ ಡಾಕ್ಟರ ಬಳಿಗೆ ನನ್ನನ್ನೂ ಹೊರಡಿಸಿದರು. ಅಲ್ಲೂ ಚೌಕಟ್ಟು ಕುಟ್ಟಿ, "ಪ್ಲೈವುಡ್ಡು. ಪರ್ವಾಗಿಲ್ಲ" ಎಂದು ಒಳಗೆ ಹೋದರು.

ಡಾಕ್ಟರು ತಾಳ್ಮೆಯವರು. "ಅಪಾಯ ಮಾಡದ ಹಾಗೆ ಬದಲಾಯಿಸಿದ ವೈರಸ್ಸಿನ ಮೇಲೆ ಒಂದು ಜೀನ್ ಹೇರಿ ಮೆದುಳಿಗೆ ಕಳಿಸ್ತಾರೆ, ಯಜಮಾನ್ರೇ. ನರಕೋಶ ಕಾಪಾಡೋ ಪ್ರೋಟೀನು ಅಲ್ಲೇ ತಯಾರಾಗಲಿ ಅಂತ. ಸತ್ತ ಕೋಶ ಎದ್ದು ಬರಲ್ಲ. ಉಳಿದಿರೋದನ್ನ ಉಳಿಸ್ಕೊಳ್ಳೋ ಪ್ರಯತ್ನ."

"ಬಿದ್ದೋದ ಸುರಂಗ ಬುಟ್ಟಾಕಿ, ನಿಂತಿರೋದಕ್ಕೆ ಮರ ಕೊಡೋದು! ನಮ್ ಕೆಲ್ಸಾನೇ ಅಲ್ವೇನ್ ಡಾಕ್ಟ್ರೇ! ನಂಗ್ಯಾವತ್ತು ಆಕ್ತೀರಾ?"

"ಇನ್ನೂ ಪ್ರಯೋಗದಲ್ಲೇ ಇದೆ. ಫಲ ಕೊಡುತ್ತೋ ಇಲ್ವೋ ಗೊತ್ತಿಲ್ಲ. ಸದ್ಯಕ್ಕೆ ಮಾತ್ರೆ, ವ್ಯಾಯಾಮ."

"ಮರ ಲೇಟು ಅನ್ನಿ. ಬರ್ಲಿ, ಮುಂದಿನ ಶಿಫ್ಟ್‌ನೋರ್ಗಾದ್ರೂ ಆಯ್ತದೆ!" ಎಂದು ಜೋರಾಗಿಯೇ ಹೇಳಿದರು. ವಾಪಸು ಬರುವಾಗ ಮಾತ್ರ ಕನ್ನಡಕದ ಡಬ್ಬಿ ತೆರೆಯುವುದು, ಮುಚ್ಚುವುದು, ತೆರೆಯುವುದು.

ಮರುದಿನ ಬೆಳಿಗ್ಗೆ ಟೀ ಅಂಗಡಿಗೆ ಹೊರಟವರು ಹೊಸ್ತಿಲಲ್ಲೇ ನಿಂತುಬಿಟ್ಟರು. ಕೋಲು ಎತ್ತಿದರು, ಅದು ಗೋಡೆಗೆ ತಗುಲಿ ನಡುಗಿತೇ ಹೊರತು ಚೌಕಟ್ಟಿನವರೆಗೆ ಏರಲಿಲ್ಲ. ಅವರು ನನ್ನ ಕಡೆ ನೋಡಲಿಲ್ಲ. ನನ್ನ ಕೈಯಲ್ಲಿ ಲಟ್ಟಣಿಗೆ ಇತ್ತು. ತುದಿಗಾಲಲ್ಲಿ ನಿಂತು ಚೌಕಟ್ಟಿಗೆ ಕುಟ್ಟಿದೆ: ಟಕ್, ಟಕ್. ಅವರ ಹೆಗಲ ಮೇಲೆ ಚೂರು ಹಿಟ್ಟು ಉದುರಿತು.

ಕಿವಿ ಓರೆಯಾಯಿತು. "ಏನಂತೈತಮ್ಮಾ?"

"ಗಟ್ಟಿ ಐತೆ, ನಡೀರಿ ಮಾವ."

ನನ್ನ ಬಾಯಲ್ಲಿ 'ಐತೆ' ಬಂದದ್ದು ಅದೇ ಮೊದಲು. ಅವರ ಬಲಗಾಲು ಮೆಲ್ಲಗೆ ಮೇಲೆದ್ದಿತು.